ಹತ್ತನೇ ಕಾಲಂ ಹಿಡಿದು ಹಿಂದಕ್ಕೆ: ಅಜ್ಜನ ಕಾಲದ ಹಿಡುವಳಿ ಹುಡುಕುವ ಬಗೆ

ಈ ಸಭೆಗೆ ತಂದಿರುವ ಪಹಣಿಯನ್ನು, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ಸರ್ಕಾರಿ ದಾಖಲೆಯನ್ನು, ಒಮ್ಮೆ ಬಿಚ್ಚಿ ಹಿಡಿದುಕೊಳ್ಳಿ. ಒಂಬತ್ತನೇ ಕಾಲಂ ಸದ್ಯಕ್ಕೆ ಬಿಡಿ, ಅಲ್ಲಿ ಯಾರ ಹೆಸರಿದೆ ಅಂತ ಎಲ್ಲರೂ ನೋಡಿಯೇ ನೋಡುತ್ತಾರೆ. ಅದರ ಪಕ್ಕದ ಹತ್ತನೇ ಕಾಲಂ ನೋಡಿ. ‘ಎಂಆರ್ 12/1978-79’ ಅಂತಲೋ, ‘ಐಎಚ್‌ಸಿ 7/75-76’ ಅಂತಲೋ, ‘ಎಲ್‌ಆರ್‌ಎಫ್’ ಅಂತ ಶುರುವಾಗುವ ನಂಬರೋ ಇರುತ್ತದೆ. ಎಂಆರ್ ಅಂದರೆ ಖಾತೆ ಬದಲಾವಣೆಯ ವಹಿ. ಐಎಚ್‌ಸಿ ಅಂದರೆ ಪೌತಿ, ಖಾತೆದಾರ ಸತ್ತ ಮೇಲೆ ವಾರಸುದಾರರಿಗೆ ಆದ ಬದಲಾವಣೆ. ಎಲ್‌ಆರ್‌ಎಫ್ ಗೇಣಿ ಜಮೀನಿನದು, ಅದರ ಮಾತು ಮುಂದೆ ಬರುತ್ತದೆ. ಜಮೀನು ಈ ಹೊತ್ತು ಯಾರ ಹೆಸರಲ್ಲಿದೆ ಅನ್ನುವುದು ಒಂಬತ್ತನೇ ಕಾಲಂ. ಆ ಹೆಸರಿಗೆ ಹೇಗೆ ಬಂತು ಅನ್ನುವುದು ಹತ್ತನೇ ಕಾಲಂ. ಹಳೇ ಹಿಡುವಳಿ ಹುಡುಕುವವರಿಗೆ ಬೇಕಾದದ್ದು ಆ ಎರಡನೆಯ ಸಂಗತಿ. ಅಲ್ಲಿರುವ ಪ್ರತಿ ನಂಬರಿನ ಹಿಂದೆಯೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಂದು ಪುಟವೋ ಒಂದು ಕಡತವೋ ಇರಬೇಕು. ಆ ಪುಟ ತೆಗೆದರೆ ಅದಕ್ಕೂ ಹಿಂದಿನ ಖಾತೆದಾರನ ಹೆಸರು ಸಿಗುತ್ತದೆ. ಅವನಿಗೆ ಹೇಗೆ ಬಂತು ಅನ್ನುವುದಕ್ಕೆ ಇನ್ನೊಂದು ನಂಬರು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಹಾರಿ ನೇರ ಮುತ್ತಜ್ಜನ ಹತ್ತಿರ ಇಳಿಯಲು ಹೋದವರೇ ಹೆಚ್ಚಾಗಿ ದಾರಿ ತಪ್ಪುವುದು.

ಯಾಕೆ ತಪ್ಪುತ್ತಾರೆ? ಹೆಸರನ್ನು ಹಿಡಿದುಕೊಂಡು ಹೊರಡುತ್ತಾರೆ. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ. ಒಂದೇ ಮನೆಯಲ್ಲಿ ನಂಜೇಗೌಡ ಬಿನ್ ಕೆಂಪೇಗೌಡ, ಅವನ ಮಗ ಕೆಂಪೇಗೌಡ ಬಿನ್ ನಂಜೇಗೌಡ, ಮತ್ತೆ ನಂಜೇಗೌಡ ಬಿನ್ ಕೆಂಪೇಗೌಡ. 1935ರ ನಂಜೇಗೌಡನೂ 1985ರ ನಂಜೇಗೌಡನೂ ಕಾಗದದ ಮೇಲೆ ಒಬ್ಬನೇ. ಜೊತೆಗೆ ಒಂದೇ ಊರಿನಲ್ಲಿ ಬೇರೆ ಮನೆತನದ ನಂಜೇಗೌಡ ಬಿನ್ ಕೆಂಪೇಗೌಡ ಇನ್ನೊಬ್ಬನಿರುತ್ತಾನೆ. ಇವನು ದೊಡ್ಡಮನೆ, ಅವನು ಕೆರೆಕೆಳಗಿನ ಮನೆ ಅಂತ ಊರಿಗೆ ಗೊತ್ತು, ದಫ್ತರಕ್ಕೆ ಗೊತ್ತಿಲ್ಲ. ಹೆಂಗಸರ ಹೆಸರಿಗೆ ‘ಕೋಂ’ ಸೇರಿಸಿ ಗಂಡನ ಹೆಸರು ಬರೆಯುತ್ತಿದ್ದರು, ಹಾಗಾಗಿ ತವರಿನ ಕಡೆಯ ಸುಳಿವು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಹೆಸರನ್ನು ಬಿಟ್ಟು ಸರ್ವೆ ನಂಬರಿನ ಬೆನ್ನು ಹತ್ತಿ. ನೆಲ ಎದ್ದು ಓಡಿಹೋಗುವುದಿಲ್ಲ. ಸರ್ವೆ ನಂಬರು ಒಡೆದು 84/1, 84/2 ಆಗಬಹುದು, ದಾನ ಕ್ರಯ ಭೋಗ್ಯ ಏನು ಬೇಕಾದರೂ ಆಗಬಹುದು, ಮೂಲ ಸಂಖ್ಯೆ 84 ಮಾತ್ರ ಸುಲಭಕ್ಕೆ ಅಳಿಯುವುದಿಲ್ಲ.

ನಂಬರೇ ಗೊತ್ತಿಲ್ಲ, ‘ಹೊಂಗೆಮರದ ಹೊಲ’ ಅಂತ ಮಾತ್ರ ಗೊತ್ತು ಅನ್ನುವವರಿದ್ದೀರಿ. ಆ ಹೊಲದ ನಡುವೆ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ಬದುವಿನ ಪಕ್ಕದಲ್ಲಿ ನಿಂತು ನೋಡಬೇಡಿ, ಮೊಬೈಲು ನಾಲ್ಕಾರು ಮೀಟರು ಆಚೀಚೆ ತೋರಿಸಿದರೆ ಪಕ್ಕದವರ ನಂಬರು ಹಿಡಿದುಕೊಂಡು ಬರುತ್ತೀರಿ. ಇನ್ನೊಂದು ಎಚ್ಚರ ಊರಿನ ಹೆಸರಿನದು. ನಿಮ್ಮ ಮನೆ ಇರುವ ಊರೇ ಜಮೀನಿನ ಗ್ರಾಮ ಆಗಿರಬೇಕಾಗಿಲ್ಲ. ಜನವಸತಿ ಇಲ್ಲದ ಬೇಚಿರಾಕ್ ಗ್ರಾಮಗಳು ನಮ್ಮಲ್ಲಿವೆ. ಮನೆಯೊಂದೂ ಇಲ್ಲದಿದ್ದರೂ ಕಂದಾಯದ ಲೆಕ್ಕದಲ್ಲಿ ಅದು ಪೂರ್ತಿ ಗ್ರಾಮ, ಅದರ ಸರ್ವೆ ನಂಬರು ಒಂದರಿಂದಲೇ ಶುರು. ಊರವರ ಬಾಯಲ್ಲಿ ಆ ಹೆಸರು ಮರೆತೇ ಹೋಗಿರುತ್ತದೆ. ‘ನಮ್ಮೂರ 84ನೇ ನಂಬರಿನಲ್ಲಿ ತಾತನ ಹೆಸರೇ ಇಲ್ಲ’ ಅಂತ ಕೈಚೆಲ್ಲುವ ಮೊದಲು ಗ್ರಾಮ ನಕಾಶೆ ಬಿಡಿಸಿ ಗಡಿ ನೋಡಿ.

ಈಗ ಮೆಟ್ಟಿಲುಗಳನ್ನು ಕಾಲದ ಪ್ರಕಾರ ನೋಡೋಣ. ಎಲ್ಲಕ್ಕಿಂತ ಮೇಲಿನದು ‘ಭೂಮಿ’ ಯೋಜನೆಯ ಗಣಕದ ಪಹಣಿ. ಅದು ಹೆಚ್ಚುಕಡಿಮೆ 2000ದಿಂದ ಈಚಿನದು. ಅದಕ್ಕೂ ಹಿಂದಿನದು ಕೈಬರಹದ ಪಹಣಿ, 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ 60ರ ದಶಕದ ಕೊನೆಯಿಂದ ಸಾಲಾಗಿ ಸಿಗುತ್ತದೆ. ಒಂದು ಹಾಳೆಯಲ್ಲಿ ಹಲವು ವರ್ಷಗಳ ಬೆಳೆ ಬರೆಯುತ್ತಿದ್ದುದರಿಂದ ಮೂವತ್ತು ವರ್ಷಕ್ಕೆ ಮೂವತ್ತು ಹಾಳೆ ಬೇಕಾಗುವುದಿಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ತಪ್ಪುಗಳು ಹೆಚ್ಚು. ಕೈಬರಹ ನೋಡಿ ಗಣಕಕ್ಕೆ ಏರಿಸುವಾಗ ಕನ್ನಡ ಅಂಕಿ ೬ ಹೋಗಿ ೭ ಆಗಿದೆ, ಜಂಟಿ ಹೆಸರಿನಲ್ಲಿ ಎರಡನೆಯವರು ಬಿಟ್ಟುಹೋಗಿದ್ದಾರೆ, ಹನ್ನೊಂದನೇ ಕಾಲಂನ ಋಣದ ಟಿಪ್ಪಣಿ ಜಾರಿದೆ. ಹಾಗಾಗಿ ಗಣಕದ ಮೊದಲ ಪಹಣಿಯನ್ನೂ ಕೈಬರಹದ ಕೊನೆಯ ಪಹಣಿಯನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ವಿಸ್ತೀರ್ಣ ಓದುವಾಗಲೂ ಅಷ್ಟೇ: 2.30 ಅಂದರೆ ಎರಡು ಎಕರೆ ಮೂವತ್ತು ಗುಂಟೆ, ಅಂದರೆ ಎರಡೂ ಮುಕ್ಕಾಲು ಎಕರೆ. ಓದಿದ ಹುಡುಗರು ಅದನ್ನು ದಶಮಾಂಶ ಅಂದುಕೊಂಡು ಕ್ಯಾಲ್ಕುಲೇಟರಿನಲ್ಲಿ ಕೂಡುತ್ತಾರೆ, ಲೆಕ್ಕ ಕೆಡುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರಡಿ. ಗುಂಟೆಗೆ ಹದಿನಾರು ಆಣೆ.

ಮೂರನೇ ಮೆಟ್ಟಿಲು ನಮ್ಮ ಹಳೇ ಮೈಸೂರು ಸೀಮೆಗೇ ಸೇರಿದ್ದು. 1927ರ ಮೈಸೂರು ಕಾಯ್ದೆಯಂತೆ ತಯಾರಾದ ಹಕ್ಕುದಾಖಲೆ. ಕಚೇರಿಯಲ್ಲಿ ಇದನ್ನು ಐಎಲ್ ಮತ್ತು ಆರ್‌ಆರ್ ಅನ್ನುತ್ತಾರೆ. ಐಎಲ್ ಅಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಸರ್ವೆ ನಂಬರಿನ ಕ್ರಮದಲ್ಲಿದೆ. ನಿಮ್ಮ ನಂಬರಿನ ಎದುರು ಅದು ಯಾವ ಆರ್‌ಆರ್ ನಂಬರಿಗೆ ಸೇರಿದೆ ಅಂತ ಬರೆದಿರುತ್ತದೆ. ಆ ಆರ್‌ಆರ್ ಪುಟ ತೆಗೆದರೆ ಹಕ್ಕುದಾರ, ಹಕ್ಕು ಬಂದ ಬಗೆ, ಕ್ರಯವಾಗಿದ್ದರೆ ಪತ್ರದ ವಿವರ, ಭೋಗ್ಯವಿದ್ದರೆ ಅದೂ ಸಿಗುತ್ತದೆ. ಎರಡೂ ಬೇಕು. ಬರೀ ಐಎಲ್ ನಕಲು ತಂದು ‘ಏನೂ ಇಲ್ಲವಲ್ಲ’ ಅಂದರೆ, ಪುಸ್ತಕದ ಪರಿವಿಡಿ ಓದಿ ಕಥೆ ಇಲ್ಲ ಅಂದಂತೆ.

ಅದಕ್ಕೂ ಕೆಳಗಿನದು ಸರ್ವೆ ಇಲಾಖೆಯ ಮೂಲ ದಾಖಲೆ. ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ 1863ರಲ್ಲಿ ಚಿತ್ರದುರ್ಗ ಸೀಮೆಯಿಂದ ಶುರುವಾಯಿತು, ನಂತರ ಒಂದೊಂದೇ ತಾಲ್ಲೂಕಿಗೆ ಬಂತು. ಕಂದಾಯ ನಿಗದಿ 30 ವರ್ಷಕ್ಕೆ, ಆಮೇಲೆ ಮರು ಪರಿಷ್ಕರಣೆ. ಇಲ್ಲಿ ಮೂರು ಕಾಗದ ಮುಖ್ಯ. ಟಿಪ್ಪಣಿ ಅಂದರೆ ಜಮೀನಿನ ಅಳತೆಯ ರೇಖಾಚಿತ್ರ. ನಡುವೆ ಒಂದು ಗೆರೆ ಹಾಕಿ ಅದರಿಂದ ಮೂಲೆ ಮೂಲೆಗೆ ಸರಪಳಿ ಹಿಡಿದ ಅಳತೆ, 33 ಅಡಿಯ ಸರಪಳಿಗೆ ಹದಿನಾರು ಆಣೆ. ಆಕಾರಬಂದ್ ಅಂದರೆ ಆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಸಾಗುವಳಿಗೆ ಉಳಿದದ್ದು, ಕಂದಾಯ. ಮೂರನೆಯದು ಗ್ರಾಮ ನಕಾಶೆ. ಇವು ತಹಸೀಲ್ದಾರರ ರೆಕಾರ್ಡ್ ರೂಮಿನಲ್ಲಿ ಇರುವುದಿಲ್ಲ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಜನ ಎಡಿಎಲ್‌ಆರ್ ಆಫೀಸು ಅನ್ನುವಲ್ಲಿ ಇರುತ್ತವೆ. ಒಂದೇ ಅರ್ಜಿಯಲ್ಲಿ ಪಹಣಿಯನ್ನೂ ಟಿಪ್ಪಣಿಯನ್ನೂ ಕೇಳಿದರೆ ಎರಡು ಕಚೇರಿಯ ನಡುವೆ ಅರ್ಜಿಯೇ ಅಲೆಯುತ್ತದೆ.

ಇದನ್ನೆಲ್ಲ ಒಂದು ಕಲ್ಪಿತ ಲೆಕ್ಕದಲ್ಲಿ ಹೊಂದಿಸಿ ನೋಡೋಣ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಊರು, ಸರ್ವೆ ನಂಬರು 84 ಅಂತಿಟ್ಟುಕೊಳ್ಳಿ. ಇವತ್ತಿನ ಪಹಣಿ ಮೂರು: 84/1 ಎರಡು ಎಕರೆ ಹತ್ತು ಗುಂಟೆ, 84/2 ಎರಡು ಎಕರೆ ಹತ್ತು ಗುಂಟೆ, 84/3 ಒಂದು ಎಕರೆ ಮೂವತ್ತು ಗುಂಟೆ. ಕೂಡಿದರೆ 6 ಎಕರೆ 10 ಗುಂಟೆ. ಮನೆಯಲ್ಲಿ ಹಿರಿಯರು ಹೇಳುವುದು ‘ನಮ್ಮದು ಏಳೂವರೆ ಎಕರೆ ಇತ್ತು, ದೊಡ್ಡಪ್ಪ ನುಂಗಿದ’ ಅಂತ. ಆಕಾರಬಂದ್ ತೆಗೆಯಿರಿ: ಒಟ್ಟು 7-20, ಖರಾಬು 0-20, ಉಳಿದದ್ದು 7-00. ಅರ್ಧ ಎಕರೆಯ ದೂರು ಅಲ್ಲಿಗೇ ಮುಗಿಯಿತು. ಅದು ಮೊದಲಿಂದಲೂ ಖರಾಬು. ಖರಾಬಿನಲ್ಲೂ ಎರಡಿದೆ. ‘ಎ’ ಅಂದರೆ ಬಂಡೆ, ಗುಂಡಿ, ಕಣ ಹೀಗೆ ಸಾಗುವಳಿಗೆ ಬಾರದ ಜಾಗ. ‘ಬಿ’ ಅಂದರೆ ದಾರಿ, ಹಳ್ಳ, ಸ್ಮಶಾನ ಹೀಗೆ ಸಾರ್ವಜನಿಕರದ್ದು. ‘ಬಿ’ ಖರಾಬಿನ ಮೇಲೆ ಖಾತೆದಾರನ ಹಕ್ಕು ನಡೆಯುವುದಿಲ್ಲ.

ಮುಂದೆ ಹೋಗಿ. ಆರ್‌ಆರ್‌ನಲ್ಲಿ ಮುತ್ತಜ್ಜನ ಹೆಸರಿಗೆ ಪೂರ್ತಿ 7-00. ಮೊದಲ ಕೈಬರಹದ ಪಹಣಿಯಲ್ಲಿ ಪೌತಿಯ ಮೇಲೆ ಹಿರಿಯ ಮಗನೊಬ್ಬನ ಹೆಸರಿಗೆ 7-00. 1975-76ರ ಎಂಆರ್‌ನಲ್ಲಿ ಅಣ್ಣತಮ್ಮಂದಿರ ವಿಭಾಗ: 2-10, 2-10, 2-20. ಕೂಡಿದರೆ ಏಳೇ. ಅಂದರೆ ವಿಭಾಗದ ದಿನ ಯಾರೂ ಏನೂ ನುಂಗಿಲ್ಲ, ದೊಡ್ಡಪ್ಪ ಪಾಪ ಬೈಸಿಕೊಂಡದ್ದೇ ಬಂತು. ಆದರೆ ಮೂರನೆಯವನ 2-20 ಈಗ 1-30 ಆಗಿದೆ. ಆ ಮೂವತ್ತು ಗುಂಟೆ ಎಲ್ಲಿ? ಅವನ ಪಹಣಿಯನ್ನು ವರ್ಷ ವರ್ಷ ಹಿಡಿದು ಬನ್ನಿ. ಒಂದು ವರ್ಷದ ಹನ್ನೊಂದನೇ ಕಾಲಂನಲ್ಲಿ ‘ಎಲ್‌ಎಕ್ಯು’ ಅಂತ ನಂಬರು ಕಾಣುತ್ತದೆ. ಅಂದರೆ ಭೂಸ್ವಾಧೀನ: ಹೇಮಾವತಿ ನಾಲೆಗೆ ಹೋದದ್ದು. ಭೂಸ್ವಾಧೀನದ ಕಡತದಲ್ಲಿ 1894ರ ಕಾಯ್ದೆಯ 4(1)ನೇ ಕಲಂನ ಅಧಿಸೂಚನೆ ಇರುತ್ತದೆ, ಅದು ರಾಜ್ಯಪತ್ರದಲ್ಲೂ ಅಚ್ಚಾಗಿರುತ್ತದೆ: ಸರ್ವೆ ನಂಬರು, ವಿಸ್ತೀರ್ಣ, ಆ ದಿನದ ಖಾತೆದಾರನ ಹೆಸರು. ಐತೀರ್ಪಿನಲ್ಲಿ, ಅಂದರೆ ಪರಿಹಾರ ನಿಗದಿಯ ಆದೇಶದಲ್ಲಿ, ಹಣ ಯಾರು ತೆಗೆದುಕೊಂಡರು ಅಂತಲೂ ಇರುತ್ತದೆ. ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಊರೇ ಮುಳುಗಿದವರಿಗೂ, ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಜಮೀನು ಹೋದವರಿಗೂ ಇದೇ ಕಡತ ದಾರಿ, ಯಾಕೆಂದರೆ ಆ ನಂಬರುಗಳಿಗೆ ಇವತ್ತು ಖಾಸಗಿ ಹೆಸರಿನ ಪಹಣಿ ಸಿಗುವುದಿಲ್ಲ.

ಕೂಡಿದ ಮೊತ್ತ ಕಡಿಮೆ ಬರುವ ಬದಲು ಹೆಚ್ಚು ಬಂದರೂ ಗಾಬರಿ ಬೇಡ, ಆದರೆ ಬಿಡಲೂಬೇಡಿ. ಒಂದು ಎಕರೆ ಮಾರಿದಾಗ ಕೊಂಡವರ ಹೆಸರು ಸೇರಿಸಿ ಮಾರಿದವರ ವಿಸ್ತೀರ್ಣ ಇಳಿಸದೆ ಬಿಟ್ಟಿರುತ್ತಾರೆ. ಇಲ್ಲವೇ ಖರಾಬನ್ನೂ ಹಂಚಿಕೊಂಡು ಪಾಲು ಬರೆಸಿರುತ್ತಾರೆ. ಸರ್ಕಾರಿ ನಂಬರಿನಲ್ಲಿ ದರಖಾಸ್ತು (ಅರ್ಜಿಯ ಮೇಲೆ ಸರ್ಕಾರಿ ಜಮೀನು ಕೊಡುವ) ಮಂಜೂರಾತಿಗಳಾಗಿದ್ದರೆ ಇನ್ನೂ ಕಷ್ಟ: ಪೋಡಿ ಆಗದೆ, ಅಂದರೆ ಅಳೆದು ಬೇರೆ ಬೇರೆ ನಂಬರು ಕೊಡದೆ, ‘ಪೈಕಿ’ ನಂಬರುಗಳು ಸಾಲುಗಟ್ಟಿ ನಿಂತಿರುತ್ತವೆ, ಇದ್ದ ನೆಲಕ್ಕಿಂತ ಕೊಟ್ಟ ನೆಲ ಜಾಸ್ತಿ. ಅಲ್ಲಿ ಪಹಣಿಯನ್ನು ನಂಬಿ ಕೂರಬೇಡಿ. ಸಾಗುವಳಿ ಚೀಟಿ (ಮಂಜೂರಾದವರಿಗೆ ಕೊಟ್ಟ ಪತ್ರ) ಮತ್ತು ಮಂಜೂರಾತಿ ಕಡತ ಹುಡುಕಿ. ಚೀಟಿಯಲ್ಲಿ ಬರೆದಿರುವ ಷರತ್ತು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎರಡನ್ನೂ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ.

ಖಾತೆಯ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು, ಜಗಳಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುವುದು. ಅವಿಭಕ್ತ ಕುಟುಂಬದಲ್ಲಿ ಖಾತೆ ಯಜಮಾನನ ಹೆಸರಿಗೆ ಇರುತ್ತಿತ್ತು, ಅಂದರೆ ಹಿರಿಯ ಮಗನ ಹೆಸರಿಗೆ. ಕಂದಾಯ ವಸೂಲಿಗೆ ಶ್ಯಾನುಭೋಗರಿಗೆ ಒಂದು ಹೆಸರು ಬೇಕಿತ್ತು, ಅಷ್ಟೇ. ಆ ಒಂದು ಹೆಸರು ನೋಡಿ ‘ಜಮೀನು ಅವನೊಬ್ಬನದೇ’ ಅಂತ ಅವನ ಮಕ್ಕಳು ಅನ್ನುತ್ತಾರೆ. ‘ನಮ್ಮ ತಾತನ ಹೆಸರನ್ನು ಹೊಡೆದುಹಾಕಿದರು’ ಅಂತ ತಮ್ಮನ ಮಕ್ಕಳು ಅನ್ನುತ್ತಾರೆ. ಎರಡೂ ಸರಿಯಲ್ಲ. ಪಹಣಿಯ ನಮೂದು ನಿಜ ಅಂತ ಭೂಕಂದಾಯ ಕಾಯ್ದೆಯ 133ನೇ ಕಲಂ ಊಹಿಸಿಕೊಳ್ಳುತ್ತದೆ, ಬೇರೆ ಪುರಾವೆ ಬರುವ ತನಕ ಮಾತ್ರ. ಒಡೆತನವನ್ನು ಹುಟ್ಟಿಸುವ ಶಕ್ತಿ ಖಾತೆಗಿಲ್ಲ. ಆದ್ದರಿಂದ ಹತ್ತನೇ ಕಾಲಂನಲ್ಲಿ ಪೌತಿ ಅಂತ ಇದ್ದರೆ ಆ ಐಎಚ್‌ಸಿ ಕಡತದಲ್ಲಿ ವಂಶವೃಕ್ಷ, ಹೇಳಿಕೆಗಳು ಏನಿವೆ ನೋಡಿ. ಉಳಿದ ಮಕ್ಕಳು ಒಪ್ಪಿಗೆ ಕೊಟ್ಟಿದ್ದರೇ, ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಇದೆಯೇ. ಸತ್ತ ತಾರೀಖನ್ನು ಬಿಡದೆ ಬರೆದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾದ 17 ಜೂನ್ 1956ಕ್ಕೆ ಮೊದಲು ತೀರಿಕೊಂಡರೋ ಆಮೇಲೋ ಅನ್ನುವುದರ ಮೇಲೆ ಯಾವ ಕಾನೂನು ಅನ್ನುವುದೇ ಬದಲಾಗುತ್ತದೆ. 1956ಕ್ಕೆ ಮುಂಚೆ ಆದರೆ ಮೈಸೂರಿನ 1933ರ ಸ್ತ್ರೀಯರ ಹಕ್ಕಿನ ಕಾಯ್ದೆಯನ್ನೂ ನೋಡಬೇಕಾಗುತ್ತದೆ. ಪಾಲು ಎಷ್ಟು ಅನ್ನುವುದು ವಕೀಲರ ಕೆಲಸ, ತಾರೀಖು ತರುವುದು ನಿಮ್ಮ ಕೆಲಸ.

ದಾಖಲೆಗಳ ಸರಪಳಿ ಇದ್ದಕ್ಕಿದ್ದಂತೆ ತುಂಡಾಗುವ ಜಾಗ ಎರಡು. ಒಂದು ಇನಾಂ, ಅಂದರೆ ಹಿಂದೆ ದೇವಸ್ಥಾನಕ್ಕೋ ವ್ಯಕ್ತಿಗೋ ಚಾಕರಿಗೋ ಬಿಟ್ಟುಕೊಟ್ಟಿದ್ದ ಜಮೀನು. ಆರ್‌ಆರ್‌ನಲ್ಲಿ ದೇವಸ್ಥಾನದ ಹೆಸರು, ಜೋಡಿದಾರರ (ಇನಾಂ ಗ್ರಾಮದ ಒಡೆಯರ) ಹೆಸರು ಇರುತ್ತದೆ, ಮುಂದಿನ ಪಹಣಿಯಲ್ಲಿ ನಿಮ್ಮ ತಾತ. ನಡುವೆ ಕ್ರಯಪತ್ರ ಹುಡುಕಿ ಸುಸ್ತಾಗುತ್ತೀರಿ, ಅದು ಇಲ್ಲವೇ ಇಲ್ಲ. 1954ರ ಕಾಯ್ದೆಯಲ್ಲಿ ವ್ಯಕ್ತಿಗತ ಇನಾಂ, 1955ರದ್ದರಲ್ಲಿ ಧಾರ್ಮಿಕ ಇನಾಂ ರದ್ದಾಗಿ ಸಾಗುವಳಿದಾರರಿಗೆ ಮರುಮಂಜೂರಾದವು. ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರಗಂಟಿ ಇವರ ಚಾಕರಿ ಇನಾಂ ಹೋದದ್ದು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ, 1 ಫೆಬ್ರವರಿ 1963ರಿಂದ. ಆ ಮರುಮಂಜೂರಾತಿ ಆದೇಶವೇ ನಿಮ್ಮ ಮೂಲಪತ್ರ.

ಇನ್ನೊಂದು 1974. ಭೂಸುಧಾರಣಾ ಕಾಯ್ದೆಯಂತೆ ಮಾರ್ಚ್ 1, 1974ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7 ಕೊಟ್ಟು ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದರು. ಅರ್ಜಿಗೆ 30 ಜೂನ್ 1979ರವರೆಗೆ ಅವಕಾಶವಿತ್ತು. ಹಕ್ಕು ಸಿಕ್ಕವರಿಗೆ ನಮೂನೆ 10. ಎಲ್‌ಆರ್‌ಎಫ್ ನಂಬರು ಕಂಡರೆ ಈ ಕಡತ ಅಂತ ತಿಳಿಯಿರಿ. ಕುಟುಂಬದ ಇತಿಹಾಸಕ್ಕೆ ಇಷ್ಟು ತುಂಬಿದ ಕಡತ ಇನ್ನೊಂದಿಲ್ಲ. ಯಾವ ಯಾವ ನಂಬರು ಗೇಣಿಗಿತ್ತು, ಎಷ್ಟು ವರ್ಷದಿಂದ, ಒಡೆಯ ಯಾರು, ಸಾಕ್ಷಿಗಳು ಏನು ಹೇಳಿದರು, ಎಲ್ಲ ಇರುತ್ತದೆ. ಒಡೆಯರ ಮನೆಯವರೂ ಇದನ್ನೇ ನೋಡಬೇಕು, ಗೇಣಿದಾರರ ಮನೆಯವರೂ ಇದನ್ನೇ. ಇಲ್ಲೂ ಅದೇ ಯಜಮಾನನ ಗೊಂದಲ: ಅಣ್ಣ ಅರ್ಜಿ ಕೊಟ್ಟಿದ್ದಾನೆ, ನಮೂನೆ 10 ಅವನ ಹೆಸರಿಗೆ ಬಂದಿದೆ, ಗೇಯ್ದದ್ದು ಇಡೀ ಮನೆ. ನಮೂನೆ 7ರಲ್ಲಿ ಕುಟುಂಬದ ಸದಸ್ಯರ ಪಟ್ಟಿ ತುಂಬಿದ್ದರೆ ಅದು ದೊಡ್ಡ ಆಧಾರ.

ಮಲೆನಾಡಿನ ಕಡೆಯವರಿಗೆ ಇದರಲ್ಲೊಂದು ಸೂಕ್ಷ್ಮವಿದೆ. ಭೂಸುಧಾರಣಾ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್‌ಗಳನ್ನು ಹೊರಗಿಟ್ಟಿತು. ಕಾಫಿ, ಏಲಕ್ಕಿ, ಮೆಣಸು, ಟೀ, ರಬ್ಬರ್ ಅದರಲ್ಲಿ ಬರುತ್ತವೆ, ಅಡಿಕೆ ಬರುವುದಿಲ್ಲ. ಹಾಗಾಗಿ ಕೊಪ್ಪ, ಶೃಂಗೇರಿಯ ಅಡಿಕೆ ತೋಟ, ಮೂಡಿಗೆರೆ, ಸಕಲೇಶಪುರದ ತಗ್ಗಿನ ಗದ್ದೆಗಳಿಗೆ ನ್ಯಾಯಮಂಡಳಿ ಕಡತ ಹುಡುಕಿ. ಗುಡ್ಡದ ಮೇಲಿನ ಕಾಫಿ ತೋಟಕ್ಕೆ ಕ್ರಯಪತ್ರ, ಕಾಫಿ ಮಂಡಳಿಯ ನೋಂದಣಿ, ಬ್ಯಾಂಕಿನ ಅಡಮಾನ ಪತ್ರ ಹುಡುಕಿ. ಹಾಡ್ಯ, ಕಾನು, ಸೊಪ್ಪಿನಬೆಟ್ಟ ಅನ್ನುವ ಕಾಡಿನ ಜಾಗಗಳನ್ನು ಮನೆಯವರು ತಲೆತಲಾಂತರದಿಂದ ಅನುಭವಿಸಿದ್ದರೂ ಹಿಡುವಳಿ ಅಂತ ಪಹಣಿಯಲ್ಲಿ ಇಲ್ಲದೇ ಇರಬಹುದು. ಅನುಭವವೇ ಬೇರೆ, ಖಾತೆಯೇ ಬೇರೆ.

ಹಳೇ ತಾಲ್ಲೂಕಿನ ಹೆಸರೂ ಗೊತ್ತಿರಲಿ. ಸಕಲೇಶಪುರದ್ದು ಮಂಜರಾಬಾದ್ ಅಂತ, ನರಸಿಂಹರಾಜಪುರದ್ದು ಯೆಡೇಹಳ್ಳಿ ಅಂತ, ಚಿಕ್ಕಮಗಳೂರು ಜಿಲ್ಲೆಯದ್ದೇ 1947ರ ತನಕ ಕಡೂರು ಜಿಲ್ಲೆ ಅಂತ ಬರೆದಿರುತ್ತದೆ. ಹಾಸನ ಜಿಲ್ಲೆಯನ್ನು 1882ರಲ್ಲಿ ರದ್ದು ಮಾಡಿ 1886ರಲ್ಲಿ ಮತ್ತೆ ಕಟ್ಟಿದರು, ಆ ನಾಲ್ಕು ವರ್ಷದ ಕಾಗದಗಳಲ್ಲಿ ಬೇರೆ ಜಿಲ್ಲೆಯ ಹೆಸರು ಕಂಡರೆ ಖೋಟಾ ಅಂತ ಎಸೆಯಬೇಡಿ. ಈಚೆಗೆ ಕಳಸ ಮೂಡಿಗೆರೆಯಿಂದ, ಅಜ್ಜಂಪುರ ತರೀಕೆರೆಯಿಂದ ಬೇರೆಯಾದವು. ಹೊಸ ಕಚೇರಿಯಲ್ಲಿ ಇಲ್ಲ ಅಂದರೆ ಹಳೇ ತಾಲ್ಲೂಕಿನಲ್ಲಿ ಕೇಳಿ.

ಉಪನೋಂದಣಿ ಕಚೇರಿಗೆ ಬರೋಣ. ಗಣಕದ ಋಣಭಾರ ಪತ್ರ ಸಾಮಾನ್ಯವಾಗಿ ಏಪ್ರಿಲ್ 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕೈಯಿಂದ ಹುಡುಕಿಸಬೇಕು. ಹುಡುಕಾಟಕ್ಕೆ ಎರಡು ಸೂಚಿ ಇವೆ, ಹೆಸರಿನದು ಒಂದು, ಆಸ್ತಿಯದು ಇನ್ನೊಂದು. ಎರಡರಲ್ಲೂ ಹುಡುಕಿಸಿ, ಏಕೆಂದರೆ ಹಳೇ ಪತ್ರಗಳಲ್ಲಿ ಸರ್ವೆ ನಂಬರು ಬರೆಯದೆ ‘ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಗದ್ದೆ’ ಅಂತ ಚೆಕ್ಕುಬಂದಿ ಮಾತ್ರ ಬರೆದದ್ದುಂಟು. ‘ಋಣಭಾರವಿಲ್ಲ’ ಅಂತ ಬಂದರೆ ನೋಂದಾಯಿತ ಪತ್ರ ಆ ಅವಧಿಯಲ್ಲಿ ಸಿಗಲಿಲ್ಲ ಅಂತ ಅಷ್ಟೇ ಅರ್ಥ. ಪೌತಿ, ಬಾಯಿಮಾತಿನ ವಿಭಾಗ, ನ್ಯಾಯಮಂಡಳಿ ಆದೇಶ ಅದರಲ್ಲಿ ಕಾಣುವುದಿಲ್ಲ.

ಅಟ್ಟದ ಟ್ರಂಕಿನಲ್ಲಿ ಪತ್ರ ಸಿಕ್ಕಿ ತಾರೀಖು ಬರೀ ‘ದುಂದುಭಿ ಸಂವತ್ಸರದ ಮಾಘ ಶುದ್ಧ’ ಅಂತಿದ್ದರೆ? ಸಂವತ್ಸರ ಅರವತ್ತು ವರ್ಷಕ್ಕೆ ಮರಳುತ್ತದೆ. ದುಂದುಭಿ 1862ರಲ್ಲೂ ಶುರುವಾಯಿತು, 1922ರಲ್ಲೂ, 1982ರಲ್ಲೂ. ಯುಗಾದಿಯಿಂದ ಯುಗಾದಿಗೆ ಲೆಕ್ಕವಾದ್ದರಿಂದ ಮಾಘ ಅಂದರೆ ಮುಂದಿನ ಇಸವಿ; 1922ರ ದುಂದುಭಿಯಾದರೆ 1923. ಛಾಪಾ ಕಾಗದದ ಹಿಂಬದಿ ತಿರುಗಿಸಿ, ಸ್ಟಾಂಪ್ ವೆಂಡರ್ ಬರೆದ ತಾರೀಖು, ಕೊಂಡವರ ಹೆಸರು ಇರುತ್ತದೆ. ನೋಂದಣಿ ಆಗಿದ್ದರೆ ‘1ನೇ ಪುಸ್ತಕ, ಇಷ್ಟನೇ ವಾಲ್ಯೂಂ, ಇಷ್ಟನೇ ಪುಟ’ ಅಂತಲೂ ಇರುತ್ತದೆ. ಕಾಗದ ತಿಂದುಹೋಗಿದ್ದರೂ ಆ ಮೂರು ಅಂಕಿ ಉಳಿದಿದ್ದರೆ ಸಾಕು, ಪೂರ್ತಿ ನಕಲು ತೆಗೆಸಬಹುದು. ವಿಸ್ತೀರ್ಣ ಖಂಡುಗ, ಕೊಳಗದಲ್ಲಿದ್ದರೆ ಅದು ಬಿತ್ತನೆ ಬೀಜದ ಲೆಕ್ಕ. ಗದ್ದೆಯ ಖಂಡುಗವೇ ಬೇರೆ, ಹೊಲದ್ದೇ ಬೇರೆ, ಊರಿಂದ ಊರಿಗೂ ಬೇರೆ. ಗುಣಿಸಿ ಎಕರೆ ಮಾಡಲು ಹೋಗಬೇಡಿ, ಚೆಕ್ಕುಬಂದಿ ಹಿಡಿದು ನಕಾಶೆಯಲ್ಲಿ ಗುರುತಿಸಿ.

ನಕಲು ಅರ್ಜಿಯಲ್ಲಿ ‘ಹಳೇ ದಾಖಲೆ ಎಲ್ಲ ಕೊಡಿ’ ಅಂತ ಬರೆದರೆ ಏನೂ ಬರುವುದಿಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರು, ದಾಖಲೆಯ ಹೆಸರು, ಇಸವಿ ಹೀಗೆ ಒಂದೊಂದಾಗಿ ಬರೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಗ್ರಾಮದ್ದು ಆಗಿದೆಯೇ ಅಂತ ಮೊದಲು ಕೇಳಿ. ‘ಇಲ್ಲ, ಸಿಗಲ್ಲ ಹೋಗಿ’ ಅನ್ನುವ ಬಾಯಿಮಾತಿಗೆ ವಾಪಸು ಬರಬೇಡಿ. ‘ದಾಖಲೆ ಲಭ್ಯವಿಲ್ಲ’ ಅಂತ ಹಿಂಬರಹ ಕೇಳಿ ಪಡೆಯಿರಿ. ಬರೆದು ಸಹಿ ಹಾಕಬೇಕು ಅಂದಾಗ ಇನ್ನೊಮ್ಮೆ ಕಪಾಟು ತೆಗೆದು ನೋಡುವ ಮನಸ್ಸು ಬರುವುದುಂಟು. ಅದಕ್ಕೂ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ, 30 ದಿನದ ಗಡುವು.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆ: ಪಂಚಾಯ್ತಿ ಸೇರಿಸಿ ಬರೆದ ಪಾರೀಖತ್ತು (ವಿಭಾಗದ ಪತ್ರ) ಇದೆ, ನೋಂದಣಿ ಆಗಿಲ್ಲ, ಅದನ್ನು ಇಟ್ಟುಕೊಂಡು ಏನು ಪ್ರಯೋಜನ? ಪ್ರಯೋಜನ ಇದೆ. ಹಿಂದೂ ಕುಟುಂಬದಲ್ಲಿ ಬಾಯಿಮಾತಿನ ವಿಭಾಗಕ್ಕೂ ಮಾನ್ಯತೆಯಿದೆ. ಕಾಗದದ ಒಕ್ಕಣೆ ಓದಿ: ‘ಈ ದಿನ ಹೀಗೆ ಹಂಚಿಕೊಂಡಿದ್ದೇವೆ’ ಅಂತಿದ್ದರೆ ಆ ಪತ್ರವೇ ವಿಭಾಗ, ನೋಂದಣಿ ಆಗಬೇಕಿತ್ತು, ಒಡೆತನ ರುಜುವಾತಿಗೆ ಅದನ್ನು ನೇರವಾಗಿ ಒಪ್ಪುವುದಿಲ್ಲ. ‘ಹಿಂದೆಯೇ ಹಂಚಿಕೊಂಡು ಅನುಭವದಲ್ಲಿದ್ದೇವೆ, ನೆನಪಿಗಾಗಿ ಬರೆದಿಟ್ಟಿದ್ದೇವೆ’ ಅಂತಿದ್ದರೆ ಅದು ನಡೆದುಹೋದ ವಿಭಾಗದ ಟಿಪ್ಪಣಿ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಮೊದಲನೆಯ ಬಗೆಯದ್ದಾದರೂ ಮುದ್ರಾಂಕ ಶುಲ್ಕ, ದಂಡ ಕಟ್ಟಿದರೆ ಕುಟುಂಬ ಬೇರೆಯಾದದ್ದನ್ನೂ ಯಾರ ಅನುಭವದಲ್ಲಿ ಯಾವುದಿದೆ ಅನ್ನುವುದನ್ನೂ ತೋರಿಸಲು ನ್ಯಾಯಾಲಯ ಅದನ್ನು ನೋಡಬಹುದು. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸಹಿ, ಹೆಬ್ಬೆಟ್ಟು, ಮಸಿ ಪರೀಕ್ಷಿಸುವ ಸಂದರ್ಭ ಬಂದರೆ ಪ್ಲಾಸ್ಟಿಕ್ಕಿನ ಒಳಗಿರುವ ಕಾಗದವನ್ನು ಸರಿಯಾಗಿ ನೋಡಲು ಆಗುವುದಿಲ್ಲ.